ಸೀಮೆಸುಣ್ಣದ ಮನೆಗಳು

ಆ ಶಾಲೆಯ ನಾಲ್ಕನೇ ಕೋಣೆಯಲ್ಲಿ ಹತ್ತು ಮನೆಗಳಿದ್ದವು. ಗೋಡೆಯಿಲ್ಲ, ಬಾಗಿಲಿಲ್ಲ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಚೌಕಗಳು ಅಷ್ಟೆ. ಒಂದು ಚೌಕದೊಳಗೆ ಮಲಗಿದವರು ಒಂದು ಮನೆಯವರು. ಕಾಲು ತಾಗಿ ಗೆರೆ ಮಾಸಿದರೆ ಅವರವರದನ್ನು ಅವರವರೇ ತಿದ್ದಿಕೊಳ್ಳಬೇಕು. ಹಿಂದೆ ಸ್ವಂತ ಮನೆಯ ಹೊಸ್ತಿಲು ಒರೆಸುತ್ತಿದ್ದ ಅಕ್ಕರೆಯಲ್ಲೇ ಹೆಂಗಸರು ದಿನಾ ಬೆಳಿಗ್ಗೆ ಆ ಗೆರೆಗಳನ್ನು ತಿದ್ದುತ್ತಿದ್ದರು. ಪಕ್ಕದವರ ಗೆರೆ ಮುಟ್ಟುವುದೆಂದರೆ ಪಕ್ಕದವರ ಒಲೆಗೆ ನೀರು ಸುರಿದ ಹಾಗೆ. ಗಂಜಿ ಕದಿಯುವವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಗೆರೆ ಕದ್ದವರು ಯಾರೂ ಇರಲಿಲ್ಲ.

ಕಿಟಕಿಯ ಪಕ್ಕದ ಏಳನೇ ಚೌಕ ಹೊಲಿಗೆಯವಳದು. ಅದರಲ್ಲಿ ಮೂರು ಜನ: ಅವಳು, ಏಳು ವರ್ಷದ ಮಗಳು, ಅತ್ತೆ. ಗಂಡನನ್ನು ಸೈನಿಕರು ಲಾರಿ ಹತ್ತಿಸಿಕೊಂಡು ಹೋಗಿ ಒಂದು ವರ್ಷವಾಗಿತ್ತು. ಇದ್ದಾನೋ ಇಲ್ಲವೋ ಎಂದು ಕೇಳಲು ಒಂದು ಕಚೇರಿಯ ಕಿಟಕಿಯಾಗಲಿ, ಒಬ್ಬ ಗುಮಾಸ್ತನಾಗಲಿ ಉಳಿದಿರಲಿಲ್ಲ.

ಊರು ಬಿಡಿಸಿದ್ದು ಯುದ್ಧವೋ ಬರವೋ ಎಂದು ಕೋಣೆಯ ಗಂಡಸರು ಹೊತ್ತು ಕಳೆಯಲು ವಾದ ಮಾಡುತ್ತಿದ್ದರು. ಎರಡು ವರ್ಷ ಮಳೆಯಿಲ್ಲದೆ ಕಣಜ ಬರಿದಾಯಿತು, ಇದ್ದ ಚೂರುಪಾರನ್ನು ಬಂದೂಕಿನವರು ಹೊತ್ತೊಯ್ದರು, ಹಸಿದವರೆಲ್ಲ ಒಂದೇ ರಸ್ತೆಗೆ ಬಿದ್ದರು, ಆ ರಸ್ತೆಯಲ್ಲಿ ಜ್ವರ ಅವರ ಜೊತೆಗೆ ನಡೆಯಿತು. ಅತ್ತೆ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದ್ದಳು: "ಮೂವರು ಅಳಿಯಂದಿರು ಒಂದೇ ದಿನ ಮನೆಗೆ ಬಂದ ಹಾಗಾಯ್ತು. ಯಾರಿಗೆ ಮೊದಲು ಮಣೆ ಹಾಕ್ತೀಯ? ಒಬ್ಬ ತಿಂತಾನೆ, ಒಬ್ಬ ಹೊಡೀತಾನೆ, ಇನ್ನೊಬ್ಬ ಹಾಸಿಗೆ ಬಿಟ್ಟು ಏಳೋದೇ ಇಲ್ಲ."

ಅತ್ತೆಯ ನಾಲಿಗೆಯೇ ಹಾಗೆ. ಮದುವೆಯಾಗಿ ಹನ್ನೆರಡು ವರ್ಷ ಹೊಲಿಗೆಯವಳು ಅದರ ಕೆಳಗೆ ಬದುಕಿದ್ದಳು. ಸಾರು ನೀರಾದರೆ ಒಂದು ಮಾತು, ಗಟ್ಟಿಯಾದರೆ ಎರಡು. ಹೆಣ್ಣು ಹುಟ್ಟಿದಾಗ ಒಂದು ವಾರ ಮಾತೇ ಇಲ್ಲ. ಆಮೇಲೆ ಅದೇ ಮಗುವನ್ನು ಕೆಳಗೆ ಇಳಿಸದೆ ಎತ್ತಿ ಆಡಿಸಿದವಳೂ ಅವಳೇ.

ಈ ಶಾಲೆಯ ಆಸರೆಯಲ್ಲಿ ಹೊಲಿಗೆಯವಳಿಗೆ ಕೆಲಸವಿತ್ತು. ಮೈದಾನದ ಆಚೆ, ಹಿಂದೆ ಸೈಕಲ್ ನಿಲ್ಲಿಸುತ್ತಿದ್ದ ತಗಡಿನ ಶೆಡ್ಡಿಗೆ ಜ್ವರದವರನ್ನು ಹಾಕಿ ಬೀಗ ಜಡಿಯುತ್ತಿದ್ದರು. ಅಲ್ಲಿ ಸತ್ತವರನ್ನು ಕಟ್ಟಲು ಗೋಣಿಚೀಲ ಬಿಚ್ಚಿ, ಒಂದಕ್ಕೊಂದು ಕೂಡಿಸಿ, ಉದ್ದ ಚೀಲ ಹೊಲಿದುಕೊಡುವುದು ಅವಳ ಪಾಲು. ದೊಡ್ಡವರದಕ್ಕೆ ಎರಡೂವರೆ ಗೋಣಿ ಬೇಕು. ಮೊನ್ನೆಯಿಂದ ಒಂದೇ ಗೋಣಿಯ ಚೀಲಗಳನ್ನು ಹೆಚ್ಚು ಕೇಳುತ್ತಿದ್ದರು. ಒಂದನ್ನು ಹೊಲಿದು ಮುಗಿಸಿ ಕೈ ಚಾಚಿ ಅಳತೆ ನೋಡಿದಾಗ, ಅದು ತನ್ನ ಮಗಳಿಗೆ ಸರಿಯಾಗಿ ಹಿಡಿಯುತ್ತದೆ ಎಂದು ಅವಳಿಗೆ ತಿಳಿದುಹೋಯಿತು. ಅಳತೆಪಟ್ಟಿ ಬೇಕಿರಲಿಲ್ಲ. ದರ್ಜಿಯ ಕಣ್ಣಿಗೆ ಅದೊಂದು ಶಾಪ.

ಶೆಡ್ಡಿಗೆ ಒಬ್ಬರು ಹೋದರೆ ಅವರ ಚೌಕದವರೆಲ್ಲ ಹೋಗಬೇಕು. ಅದು ಇಲ್ಲಿಯ ಕಾನೂನು. ನಡೆದುಕೊಂಡು ಒಳಗೆ ಹೋದವರಲ್ಲಿ ನಡೆದುಕೊಂಡು ಹೊರಗೆ ಬಂದವರು ಕಡಿಮೆ. ಇನ್ನೊಂದು ಕಾನೂನನ್ನು ಹೋದ ವಾರ ಎಲ್ಲರೂ ಕಣ್ಣಾರೆ ಕಂಡಿದ್ದರು. ಎರಡನೇ ಕೋಣೆಯಲ್ಲಿ ಜ್ವರ ಬಂದ ಗಂಡಸೊಬ್ಬನನ್ನು ಎರಡು ಮನೆಯವರು "ನಮ್ಮವನಲ್ಲ, ಅವರವನು" ಎಂದು ಆ ಕಡೆ ಈ ಕಡೆ ತಳ್ಳಾಡಿದರು. ದಿನಾ ತಲೆ ಎಣಿಸಲು ಬರುವ ಎಣಿಕೆಯವನು ಜಗಳ ಕೇಳಿಸಿಕೊಂಡು, ಆಕಳಿಸಿ, ಎರಡೂ ಮನೆಯನ್ನು ಶೆಡ್ಡಿಗೆ ಕಳಿಸಿದ.

ಎಣಿಕೆಯವನಿಗೆ ಕೋಲಪ್ಪ ಎಂದು ಎಲ್ಲರೂ ಹೆಸರಿಟ್ಟಿದ್ದರು. ಹಿಂದೆ ಎಲ್ಲೋ ಕಾಂಪೌಂಡರ್ ಆಗಿದ್ದನಂತೆ. ಬಾಯಿಗೆ ಬಟ್ಟೆ ಕಟ್ಟಿ, ಚೌಕದಿಂದ ದೂರವೇ ನಿಂತು, ಉದ್ದದ ಕೋಲು ಚಾಚಿ ಒಂದೊಂದು ಗದ್ದವನ್ನೂ ಮೇಲೆತ್ತಿ ಕಣ್ಣು ನೋಡುತ್ತಿದ್ದ. ಆ ಜ್ವರಕ್ಕೆ ಮೂರನೇ ದಿನ ಕಣ್ಣು ಮೆಣಸಿನಪುಡಿ ಎರಚಿದ ಹಾಗೆ ಕೆಂಪಾಗುತ್ತಿತ್ತು. ಯಾರ ಮುಖವೂ ಅವನಿಗೆ ನೆನಪಿರುತ್ತಿರಲಿಲ್ಲ. ಹೇನಿನ ಕಾಟಕ್ಕೆ ಹೆಂಗಸರು, ಮಕ್ಕಳು ಎನ್ನದೆ ಎಲ್ಲರ ತಲೆ ಬೋಳಿಸಿದ್ದರು, ಹಸಿವು ಎಲ್ಲರ ಕೆನ್ನೆಯನ್ನೂ ಒಂದೇ ಅಚ್ಚಿಗೆ ಹಾಕಿತ್ತು. ಕಾಗದಪತ್ರಗಳು ಊರಿನ ಜೊತೆಗೆ ಸುಟ್ಟಿದ್ದವು. ಅವನು ನೋಡುತ್ತಿದ್ದದ್ದು ಚೌಕ ಎಷ್ಟನೆಯದು, ನಿನ್ನೆ ಎಷ್ಟು ತಲೆ, ಇವತ್ತು ಎಷ್ಟು ತಲೆ.

ಆ ದಿನ ಮಧ್ಯಾಹ್ನ ಮೂರಕ್ಕೆ ಎಣಿಕೆ, ಐದಕ್ಕೆ ಬಸ್ಸು. ಗಡಿಯ ಆಚೆಗೆ ಹೋಗುವ ಬಸ್ಸು, ಬಹುಶಃ ಕೊನೆಯದು. ನಾಲ್ಕನೇ ಕೋಣೆಯ ಸರದಿ ಬಂದಿತ್ತು.

ಎರಡು ಗಂಟೆಗೆ ಹೊಲಿಗೆಯವಳು, ಎರಡು ದಿನದಿಂದ ಮಲಗೇ ಇದ್ದ ಅತ್ತೆಯ ತಲೆ ಎತ್ತಿ ನೀರು ಕುಡಿಸಲು ಹೋದಳು. ಅತ್ತೆ ಕಣ್ಣು ಬಿಟ್ಟಳು. ಎರಡೂ ಕಣ್ಣು ಕೆಂಡ.

"ಏನು ಹಾಗೆ ನೋಡ್ತೀಯ? ನನ್ನ ಮುಖ ಹೊಸದಾ?" ಎಂದಳು ಅತ್ತೆ.

ಅತ್ತೆ ಹೊಲಿಗೆಯವಳ ಮುಖವನ್ನೇ ಕನ್ನಡಿ ಮಾಡಿಕೊಂಡು ತನ್ನ ಕಣ್ಣು ನೋಡಿಕೊಂಡಳು. "ಓಹೋ," ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಪಕ್ಕದ ಎಂಟನೇ ಚೌಕ ಇಸ್ತ್ರಿಯವಳದು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು. ಚಿಕ್ಕದಕ್ಕೆ ಮೂರೂ ತುಂಬಿಲ್ಲ. ಅಷ್ಟೇ ಅಷ್ಟಿದ್ದ ಮೈ ನೋಡಿ ಅದನ್ನು ಎಲ್ಲರೂ ಸಾಸಿವೆ ಎಂದು ಕರೆಯುತ್ತಿದ್ದರು. ಒಂದು ತಿಂಗಳಲ್ಲಿ ಈ ಎರಡು ಮನೆ ಒಂದೇ ಆದಂತಿತ್ತು. ಹೊಲಿಗೆಯವಳ ಮಗಳಿಗೆ ಭೇದಿ ಹತ್ತಿದಾಗ ತನ್ನ ಪಾಲಿನ ಗಂಜಿಯ ತಿಳಿ ಬಸಿದುಕೊಟ್ಟವಳು ಇಸ್ತ್ರಿಯವಳು. ಈಗಲೂ ಅವಳು ದೊಡ್ಡವಳನ್ನು ಕರೆದುಕೊಂಡು ನೀರಿನ ಸಾಲಿಗೆ ಹೋಗಿದ್ದಳು. ಹೋಗುವಾಗ, "ಅಕ್ಕ, ಇವಳು ಈಗಷ್ಟೆ ಕಣ್ಣು ಮುಚ್ಚಿದಾಳೆ. ಒಂದು ಕಣ್ಣಿಟ್ಟಿರು," ಎಂದು ಸಾಸಿವೆಯನ್ನು ಗೆರೆಯ ಪಕ್ಕಕ್ಕೇ ತಂದು ಮಲಗಿಸಿದ್ದಳು. ಗೆರೆಯ ಈ ಪಕ್ಕ, ಕಿಟಕಿಯ ತುದಿಯಲ್ಲಿ, ಅತ್ತೆಯ ಚಾಪೆ. ಗೆರೆಯ ಆ ಪಕ್ಕ, ಬಾಗಿಲ ತುದಿಯಲ್ಲಿ, ನಿದ್ದೆ ಹೋದ ಸಾಸಿವೆ.

ಕೋಣೆಯ ಅರ್ಧ ಜನ ಸಾಲಿನಲ್ಲಿದ್ದರು. ಉಳಿದವರು ಗಂಟುಮೂಟೆ ಕಟ್ಟುತ್ತಿದ್ದರು.

ಹೊಲಿಗೆಯವಳ ಸೊಂಟದ ಚೀಲದಲ್ಲಿ ದರ್ಜಿಯ ಸುಣ್ಣದ ಬಿಲ್ಲೆ ಯಾವಾಗಲೂ ಇರುತ್ತಿತ್ತು. ಅದನ್ನು ಯಾವಾಗ ತೆಗೆದಳೋ ಅವಳಿಗೇ ಗೊತ್ತಿಲ್ಲ. ಒದ್ದೆ ಬಟ್ಟೆಯಿಂದ ನಡುವಿನ ಗೆರೆಯ ಕಿಟಕಿ ತುದಿಯನ್ನು ಒರೆಸಿದಳು. ಅತ್ತೆಯ ಚಾಪೆಯ ಈಚೆಗೆ ಹೊಸ ಗೆರೆ ಎಳೆದಳು. ಯಾರನ್ನೂ ಎತ್ತಲಿಲ್ಲ, ಎಳೆಯಲಿಲ್ಲ, ಮುಟ್ಟಲೂ ಇಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡಳು ಕೂಡ. ಮುಗಿಸಿ ತಲೆ ಎತ್ತಿದರೆ ಅತ್ತೆ ನೋಡುತ್ತಿದ್ದಳು.

"ಹನ್ನೆರಡು ವರ್ಷ ನನ್ನನ್ನ ಮನೆಯಿಂದ ಆಚೆ ಹಾಕಬೇಕು ಅಂತ ಇದ್ದೆ," ಎಂದಳು ಅತ್ತೆ ಮೆಲ್ಲಗೆ. "ಕೊನೆಗೂ ಹಾಕಿದೆ. ಅದೂ ಮನೆ ಸುಟ್ಟುಹೋದ ಮೇಲೆ."

"ಅತ್ತೆ…"

"ಅತ್ತೆ ಗಿತ್ತೆ ಆಮೇಲೆ. ಲೆಕ್ಕ ತಪ್ಪಿದೆಯಲ್ಲೇ, ಪೆದ್ದಿ. ನಿನ್ನೆ ನಮ್ಮಲ್ಲಿ ಮೂರು ತಲೆ, ಅವರಲ್ಲಿ ಮೂರು. ಈಗ ಇಲ್ಲಿ ಎರಡು, ಅಲ್ಲಿ ನಾಲ್ಕು. ಕೋಲಪ್ಪನಿಗೆ ಮುಖ ನೆನಪಿರದೇ ಇರಬಹುದು, ಎಣಿಸೋಕೆ ಬರುತ್ತೆ."

ಅತ್ತೆ ಗದ್ದದಿಂದ ಗೆರೆಯ ಇನ್ನೊಂದು ತುದಿಯಲ್ಲಿ ಮಲಗಿದ್ದ ಸಾಸಿವೆಯನ್ನು ತೋರಿಸಿದಳು.

"ಅದನ್ನ ಒಳಗೆ ತಗೋ."

"ಅವಳು ನಂಬಿ ಬಿಟ್ಟುಹೋಗಿದಾಳೆ, ಅತ್ತೆ."

"ನಾನೂ ನಂಬಿಯೇ ನಿನ್ನ ಹತ್ತಿರ ಮಲಗಿದ್ದೆ," ಎಂದಳು ಅತ್ತೆ. "ನನ್ನ ಮೊಮ್ಮಗಳು ಆ ತಗಡಿನ ಕೆಳಗೆ ಹೋಗಬಾರದು. ಎಳಿ. ಕೈ ನಡುಗಿಸಬೇಡ, ಗೆರೆ ಸೊಟ್ಟ ಬಂದೀತು."

ಹೊಲಿಗೆಯವಳು ಬಾಗಿಲ ತುದಿಯನ್ನೂ ಒರೆಸಿದಳು. ಸಾಸಿವೆಯ ಆಚೆಗೆ ಒಂದು ಗೆರೆ. ತಲೆ ಲೆಕ್ಕ ಸರಿಹೋಯಿತು. ಎರಡು ಚೌಕಗಳ ನಡುವಿನ ಗೆರೆ ಓರೆಯಾಗಿತ್ತು, ಅಷ್ಟೆ. ಎದುರು ಚೌಕದ ಗಡಿಯಾರ ರಿಪೇರಿಯ ಮುದುಕ ಎಲ್ಲ ನೋಡಿದ್ದ. ಅವಳ ಕಣ್ಣು ತಾಗಿದೊಡನೆ ತನ್ನ ಚೀಲದೊಳಗೆ ಏನೋ ಹುಡುಕತೊಡಗಿದ. ಮಗಳೂ ನೋಡಿದ್ದಳು. ಅವಳು ಏನನ್ನೂ ಹುಡುಕಲಿಲ್ಲ. ಮೊಣಕಾಲಿಗೆ ಗದ್ದ ಊರಿ ನೋಡುತ್ತಲೇ ಇದ್ದಳು.

ಇಸ್ತ್ರಿಯವಳು ನೀರಿನ ಬಕೆಟ್ ಹಿಡಿದು ಬಾಗಿಲಿಗೆ ಬರುವುದಕ್ಕೂ, ಹಿಂದೆಯೇ ಕೋಲಪ್ಪನ ಕೋಲು ಚೌಕಟ್ಟಿಗೆ ಬಡಿಯುವುದಕ್ಕೂ ಸರಿಹೋಯಿತು.

"ಎಲ್ಲ ಅವರವರ ಮನೇಲಿ ಕೂತ್ಕೊಳ್ಳಿ! ಬೇಗ, ಬೇಗ!"

ಇಸ್ತ್ರಿಯವಳು ಅವಸರದಲ್ಲಿ ಬಂದು ಕುಳಿತಳು. ಕುಳಿತ ಮೇಲೆ ಪಕ್ಕದಲ್ಲಿ ಅತ್ತೆಯನ್ನು ಕಂಡಳು. "ಏನಜ್ಜಿ, ಇಲ್ಲಿ ಮಲಗಿ…" ಎಂದು ನಗುತ್ತಾ ಬಾಗಿದವಳು ಆ ಕಣ್ಣು ನೋಡಿದಳು. ಕಣ್ಣಿನಿಂದ ಗೆರೆಗೆ, ಗೆರೆಯಿಂದ ಮಗುವಿಗೆ, ಮಗುವಿನಿಂದ ಹೊಲಿಗೆಯವಳ ಕೈಯಲ್ಲಿ ಅಂಟಿದ್ದ ಬಿಳಿಯ ಪುಡಿಗೆ ಅವಳ ನೋಟ ಹೋಯಿತು. ಅವಳ ಬಾಯಿ ತೆರೆಯಿತು.

ಒಂದು ಉಸಿರಿನಷ್ಟು ಹೊತ್ತು. ಹೊಲಿಗೆಯವಳಿಗೆ ಆ ಉಸಿರಿನೊಳಗೆ ನಡೆಯುತ್ತಿದ್ದ ಎಣಿಕೆಯೆಲ್ಲ ಕಾಣುತ್ತಿತ್ತು. ಕೂಗಿದರೆ ಜಗಳ. ಜಗಳವಾದರೆ ಎರಡು ಮನೆಯೂ ಶೆಡ್ಡಿಗೆ, ಸಾಸಿವೆಯೂ. ಸುಮ್ಮನಿದ್ದರೆ ಶೆಡ್ಡಿಗೆ ತಾನು, ದೊಡ್ಡವಳು. ಸಾಸಿವೆ ಬಸ್ಸಿಗೆ. ಈ ಎಣಿಕೆಯನ್ನು ಅವಳು ಮಾಡುತ್ತಾಳೆ ಎಂದು ಹೊಲಿಗೆಯವಳು ಮೊದಲೇ ಎಣಿಸಿದ್ದಳೇ? ಆಮೇಲೆ ಎಷ್ಟೋ ಸಲ ತನ್ನನ್ನು ಕೇಳಿಕೊಂಡಳು. ಎಣಿಸಿದ್ದಳು. ಬಿಲ್ಲೆ ಕೈಯಲ್ಲಿದ್ದಾಗಲೇ ಎಣಿಸಿದ್ದಳು.

ಇಸ್ತ್ರಿಯವಳು ಬಾಯಿ ಮುಚ್ಚಿದಳು. "ಅಮ್ಮ, ನಮ್ಮ ಸಾಸಿ…" ಎಂದು ಶುರುಮಾಡಿದ ದೊಡ್ಡವಳ ಬಾಯಿಯನ್ನೂ ಕೈಯಿಂದ ಒತ್ತಿ ಮುಚ್ಚಿದಳು.

ಕೋಲು ಏಳನೇ ಚೌಕಕ್ಕೆ ಬಂತು. "ಏನಿದು, ಗೆರೆ ಓರೆ?"

"ನೆಲವೇ ಓರೆ ಇದೆ ಸ್ವಾಮಿ," ಎಂದಳು ಹೊಲಿಗೆಯವಳು.

ಕೋಲಪ್ಪ ಬಟ್ಟೆಯೊಳಗೇ ನಕ್ಕ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ." ಹೊಲಿಗೆಯವಳ ಗದ್ದ ಎತ್ತಿದ. ಮಗಳ ಗದ್ದ ಎತ್ತಿದ. "ಮೂರು. ಆ ಮಲಗಿರೋದನ್ನ ಎಬ್ಬಿಸು."

ಎಬ್ಬಿಸಬೇಕಾಗಲಿಲ್ಲ. ಕೋಲು ತಾಗಿದೊಡನೆ ಸಾಸಿವೆ ಎದ್ದು ಕುಳಿತಿತು. ನಿದ್ದೆಗಣ್ಣಿನಲ್ಲಿ ಸುತ್ತ ನೋಡಿ, ತಾಯಿಯನ್ನು ಕಂಡು, "ಅಮ್ಮಾ" ಎಂದು ಎರಡೂ ಕೈ ಚಾಚಿ ಗೆರೆ ದಾಟಿ ನಡೆಯಿತು.

"ಏಯ್," ಎಂದ ಕೋಲಪ್ಪ. ಅವನ ಸ್ವರ ಬದಲಾಯಿತು. "ಇದು ಯಾವ ಮನೆ ಮಗು?"

ಹೊಲಿಗೆಯವಳು ತನ್ನ ಮಗಳಿಗೆ ಒಂದು ದಿನವೂ ಹೊಡೆದವಳಲ್ಲ. ಈಗ ಸಾಸಿವೆಯ ತೋಳು ಹಿಡಿದು ಹಿಂದಕ್ಕೆಳೆದು, ಕೆನ್ನೆಗೆ ಬಾರಿಸಿದಳು. ಕೋಣೆಯೆಲ್ಲ ಕೇಳಿಸುವ ಹಾಗೆ.

"ಎಷ್ಟು ಸಲ ಹೇಳಿದೀನಿ, ಪಕ್ಕದ ಮನೆಗೆ ಹೋಗಬೇಡ ಅಂತ! ಕಂಡಕಂಡವರನ್ನೆಲ್ಲ ಅಮ್ಮ ಅಂತೀಯಾ? ಹಾಂ? ಅಂತೀಯಾ?"

ಇನ್ನೊಂದು ಕೊಟ್ಟಳು. ಸಾಸಿವೆಗೆ ಉಸಿರು ಕಟ್ಟಿತು. ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ.

"ಸಾಕು ಸಾಕು, ಹೊಡೀಬೇಡ," ಎಂದ ಕೋಲಪ್ಪ. ಅವನ ಅನುಮಾನ ಇಳಿದಿತ್ತು. ಹೆತ್ತವರಲ್ಲದೆ ಯಾರು ಹಾಗೆ ನಾಲ್ಕು ಜನರೆದುರು ಹೊಡೆಯುತ್ತಾರೆ? "ಗಂಡ ಇಲ್ಲದ ಸಿಟ್ಟನ್ನೆಲ್ಲ ಮಕ್ಕಳ ಮೇಲೆ ತೀರಿಸ್ತೀರಿ ನೀವು." ಏಳನೇ ಚೌಕಕ್ಕೆ ಗುರುತು ಹಾಕಿಕೊಂಡ.

ಇಸ್ತ್ರಿಯವಳ ಎರಡೂ ಕೈ ನೆಲಕ್ಕೆ ಒತ್ತಿಕೊಂಡಿದ್ದವು. ಏಳದ ಹಾಗೆ ತನ್ನನ್ನು ತಾನೇ ಮೊಳೆ ಹೊಡೆದುಕೊಂಡಂತೆ.

ಕೋಲು ಎಂಟನೇ ಚೌಕಕ್ಕೆ ಹೋಯಿತು. ಅತ್ತೆಯ ಗದ್ದ ಎತ್ತಿತು. ಕೋಲಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಕೆಂಪು. ಯಾರ ಮನೆ ಅಜ್ಜಿ ನೀನು?"

ಅತ್ತೆ ಹೊಲಿಗೆಯವಳ ಕಡೆ ತಿರುಗಿಯೂ ನೋಡಲಿಲ್ಲ. ಒಣಗಿದ ಕೈ ಚಾಚಿ ಇಸ್ತ್ರಿಯವಳ ಮೊಣಕಾಲು ಹಿಡಿದಳು.

"ಇವಳೇ ನನ್ನ ಸೊಸೆ. ಅದು ಮೊಮ್ಮಗಳು," ಎಂದಳು. ಮತ್ತೆ, ಎಲ್ಲಿಂದಲೋ ಅವಳ ಹಳೆಯ ನಾಲಿಗೆ ಬಂತು. "ಒಳ್ಳೆ ಸೊಸೆ ಸಿಗೋಕೂ ಪುಣ್ಯ ಬೇಕು, ಸ್ವಾಮಿ. ನನಗೆ ತಡವಾಗಿ ಸಿಕ್ಕಿದಳು."

"ಹೌದೇನಮ್ಮ?"

ಇಸ್ತ್ರಿಯವಳು ಹೊಲಿಗೆಯವಳನ್ನು ನೋಡಿದಳು. ಶಾಪವನ್ನಾದರೂ ಹಾಕಿದ್ದರೆ ಹೊಲಿಗೆಯವಳು ಅದನ್ನು ತಲೆ ಮೇಲೆ ಹೊತ್ತುಕೊಂಡು ನಡೆಯಬಹುದಿತ್ತು.

"ಹೌದು, ನಮ್ಮತ್ತೆ," ಎಂದಳು ಇಸ್ತ್ರಿಯವಳು. ಎದ್ದಳು. ಅತ್ತೆಯನ್ನು ತೋಳು ಕೊಟ್ಟು ಎಬ್ಬಿಸಿದಳು, ನಿಜವಾದ ಸೊಸೆಯ ಹಾಗೆ. ಬಾಗಿಲ ಹತ್ತಿರ ಒಂದೇ ಸಲ ನಿಂತಳು.

"ಅಕ್ಕ. ನಿನ್ನ ಮಗು ಜೋಪಾನ."

ಅವರು ಮೈದಾನ ದಾಟುವಾಗ ಅತ್ತೆಯ ಮಾತು ಕಿಟಕಿಯಲ್ಲಿ ಕೇಳಿಸುತ್ತಿತ್ತು. ನಿಧಾನ ನಡಿ, ನನಗೇನು ರೆಕ್ಕೆ ಇದೆಯಾ, ಎಂದು ಬೈಯುತ್ತಿದ್ದಳು. ದೊಡ್ಡವಳು ಮಾತ್ರ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು. ತಗಡಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಲಿಲ್ಲ, ಅಷ್ಟರಲ್ಲಿ ಕೋಲಪ್ಪ ಒಂಬತ್ತನೇ ಚೌಕದವರ ಮೇಲೆ ಕೂಗಾಡುತ್ತಿದ್ದ.

ಐದಕ್ಕೆ ಬಸ್ಸು ಹೊರಟಿತು. ಒಂದು ಸೀಟು, ಮೂರು ಜನ. ಕಿಟಕಿಗೆ ಮಗಳು, ತೊಡೆಯ ಮೇಲೆ ಸಾಸಿವೆ. ಮಗುವಿನ ಕೆನ್ನೆಯ ಮೇಲೆ ಮೂರು ಬೆರಳು ಮೂಡಿದ್ದವು. ಅದು ಅಳಲಿಲ್ಲ, ಎದುರಿನ ಸೀಟಿನ ಕಂಬಿಯನ್ನೇ ನೋಡುತ್ತಿತ್ತು. ರಸ್ತೆಯ ಎರಡೂ ಬದಿಯಲ್ಲಿ ಜನ ನಡೆಯುತ್ತಿದ್ದರು. ಕೆಲವರು ಕುಳಿತಿದ್ದರು. ಕುಳಿತವರಲ್ಲಿ ಕೆಲವರು ಎಷ್ಟೋ ದಿನದಿಂದ ಕುಳಿತವರು. ಅವರ ಮೇಲೆ ಧೂಳು ಗೋಡೆಯ ಮೇಲೆ ಕೂತ ಹಾಗೆ ಕೂತಿತ್ತು. ಮಗಳ ಕಣ್ಣು ಮುಚ್ಚಲೆಂದು ಹೊಲಿಗೆಯವಳು ಕೈ ಚಾಚಿದರೆ, ಮಗಳು ಕೈ ಸರಿಸಿದಳು.

ಒಂದು ಮನೆಗೆ ಒಂದು ರೊಟ್ಟಿ ಹಂಚಿದರು. ಹೊಲಿಗೆಯವಳು ಮೂರು ತುಂಡು ಮಾಡಿದಳು.

"ಅವಳಿಗ್ಯಾಕೆ?" ಎಂದಳು ಮಗಳು.

"ಇನ್ನುಮೇಲೆ ಇವಳು ನಿನ್ನ ತಂಗಿ. ಯಾರು ಕೇಳಿದರೂ ಹಾಗೇ ಹೇಳು."

"ತಂಗಿ ಅಲ್ವಲ್ಲ."

"ಅಲ್ಲ. ಆದ್ರೂ ಹೇಳು."

ಮಗಳು ತನ್ನ ತುಂಡು ತಿಂದಳು. ಸಾಸಿವೆಯ ಕೈಯಲ್ಲಿ ಹಾಗೇ ಇದ್ದ ತುಂಡನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, ಲೆಕ್ಕದ ಪ್ರಶ್ನೆ ಕೇಳುವ ಹಾಗೆ ಕೇಳಿದಳು: "ಅಜ್ಜಿ ನಮ್ಮವರು ಅಂತ ಹೇಳಿದ್ರೆ ನಮ್ಮನ್ನೂ ಶೆಡ್ಡಿಗೆ ಹಾಕ್ತಿದ್ರಾ?"

"ಹೂಂ."

"ಗಡಿ ಆಚೆ ಹೋದಮೇಲೆ ಹೇಳಿದ್ರೂ?"

ಹೊಲಿಗೆಯವಳು ಮಗಳ ಮುಖ ನೋಡಿದಳು. ಅಲ್ಲಿ ಕೇಡೇನೂ ಇರಲಿಲ್ಲ. ಏಳು ವರ್ಷದ ಹಸಿದ ಮುಖ. "ಆಚೆ ಹೋದಮೇಲೆ ಹೇಳಿದ್ರೂ," ಎಂದಳು. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

ಬೆಳಗಾದಾಗ ಬಸ್ಸು ಗಡಿ ದಾಟಿತ್ತು. ಹಿಂದೆ ಎಂದೋ ಗೋದಾಮಾಗಿದ್ದ ಕಟ್ಟಡ. ಸುಣ್ಣದ ವಾಸನೆ, ಉದ್ದದ ಮೇಜು. ಮೇಜಿನ ಹಿಂದೆ ಕನ್ನಡಕದ ಗುಮಾಸ್ತೆ. ಬಸ್ಸಿನ ಪಟ್ಟಿಯಲ್ಲಿ ಒಟ್ಟು ತಲೆಗಳ ಸಂಖ್ಯೆ ಬಿಟ್ಟರೆ ಬೇರೇನೂ ಇರಲಿಲ್ಲ. ಯಾರು ಯಾರಿಗೆ ಏನಾಗಬೇಕೆಂದು ಇಲ್ಲಿ ಹೊಸದಾಗಿ ಕೇಳಿ ಬರೆದುಕೊಳ್ಳುತ್ತಿದ್ದರು. ಒಂದೇ ಮಗುವಿರುವ ತಾಯಂದಿರಿಗೆ ಮೇಲಿನ ಮಹಡಿಯಲ್ಲಿ ಬಾಗಿಲಿರುವ ಕೋಣೆ. ಹೆಚ್ಚು ಮಕ್ಕಳಿದ್ದವರಿಗೆ ಕೆಳಗೆ ಹಾಲ್. ಅಪ್ಪ ಅಮ್ಮ ಇಲ್ಲದೆ ಬಂದ ಮಕ್ಕಳಿಗೆ ಎಡಗಡೆ ಬೇರೆ ಸಾಲು. ಮುಂದಿನವರಿಗೆ ಗುಮಾಸ್ತೆ ಇದನ್ನು ಹೇಳುತ್ತಿದ್ದದ್ದು ಹಿಂದಿನವರಿಗೆಲ್ಲ ಕೇಳಿಸುತ್ತಿತ್ತು. ಮಗಳಿಗೂ.

"ಹೋದ ಇಪ್ಪತ್ತೊಂದು ದಿನದಲ್ಲಿ ಮನೇಲಿ ಯಾರಿಗಾದರೂ ಜ್ವರ ಇತ್ತಾ?"

"ಇಲ್ಲ."

"ಮಕ್ಕಳೆಷ್ಟು?"

"ಒಂದೇ," ಎಂದಳು ಮಗಳು.

ಗುಮಾಸ್ತೆ ಕನ್ನಡಕದ ಮೇಲಿನಿಂದ ಹೊಲಿಗೆಯವಳ ಸೊಂಟದ ಮೇಲಿದ್ದ ಸಾಸಿವೆಯನ್ನು ನೋಡಿದಳು. "ಮತ್ತೆ ಇದು?"

"ಅವಳು ಸುಮ್ನೆ ಹೇಳ್ತಾಳೆ, ಇಬ್ಬರು…" ಎಂದು ಹೊಲಿಗೆಯವಳು ಬಾಯಿ ತೆರೆದಳು.

ಮಗಳು ಅವಳ ಕೈ ಎಳೆದಳು. ಎಲ್ಲರಿಗೂ ಕೇಳಿಸುವ ಸ್ವರದಲ್ಲಿ, ಬಹಳ ಮುದ್ದಾಗಿ ಕೇಳಿದಳು: "ಅಮ್ಮ, ಅಜ್ಜಿ ವಿಷಯ ಹೇಳ್ಲಾ?"

"ಯಾವ ಅಜ್ಜಿ?" ಎಂದಳು ಗುಮಾಸ್ತೆ.

ಹೊಲಿಗೆಯವಳು ಮಗಳನ್ನು ನೋಡಿದಳು. ಇದಕ್ಕಾಗಿಯೇ ಎಲ್ಲ ಮಾಡಿದ್ದು. ಈ ಮುಖ ತಗಡಿನ ಕೆಳಗೆ ಹೋಗಬಾರದೆಂದು. ಮುಖ ಉಳಿದಿತ್ತು. ಚೂರೂ ಮುಕ್ಕಾಗದೆ ಉಳಿದು, ಉತ್ತರಕ್ಕಾಗಿ ಕಾಯುತ್ತಿತ್ತು. ಕಲಿಸಿದ್ದು ಯಾರು ಎಂದು ಕೇಳುವ ಹಾಗಿರಲಿಲ್ಲ.

"ಅಜ್ಜಿ ಹೋದ ವರ್ಷವೇ ಹಸಿವಿನಲ್ಲಿ ಹೋದ್ರು. ಇನ್ನೂ ನೆನೆಸ್ಕೋತಾಳೆ," ಎಂದಳು ಹೊಲಿಗೆಯವಳು. "ಮಗು ಒಂದೇ. ಈ ಮಗೂನ ಬಸ್ಸು ಹೊರಡೋವಾಗ ಯಾರೋ ತೊಡೆ ಮೇಲೆ ಹಾಕಿದ್ರು. ಅವರನ್ನ ಮತ್ತೆ ಕಾಣಲಿಲ್ಲ."

"ಹೆಸರು?"

"ಗೊತ್ತಿಲ್ಲ."

ಗುಮಾಸ್ತೆ ನಿಟ್ಟುಸಿರು ಬಿಟ್ಟು ಎಡಗಡೆ ಕೈ ತೋರಿಸಿದಳು. ದಪ್ಪನೆಯ ಹೆಂಗಸೊಬ್ಬಳು ಬಂದು ಸಾಸಿವೆಯನ್ನು ಎತ್ತಿಕೊಂಡಳು, ಕತ್ತಿಗೆ ನಂಬರಿನ ಚೀಟಿ ಕಟ್ಟಿದಳು. ಮಗು ಅವಳ ಭುಜದ ಮೇಲಿನಿಂದ ಹೊಲಿಗೆಯವಳನ್ನು ನೋಡುತ್ತಾ ಹೋಯಿತು. ಒಂದು ಸಲ ತುಟಿ ಕೂಡಿಸಿತು, ಕರೆಯುವ ಹಾಗೆ. ಮತ್ತೆ ಏನೋ ನೆನಪಾದಂತೆ ಕೈ ತಂದು ಕೆನ್ನೆಗೆ ಅಡ್ಡ ಹಿಡಿದುಕೊಂಡಿತು. ಕರೆಯಲಿಲ್ಲ.

"ಅಮ್ಮ, ಬಾ," ಎಂದು ಮಗಳು ಮೆಟ್ಟಿಲ ಕಡೆ ಎಳೆದಳು.

ಮೇಲೆ ಕೋಣೆಗೆ ಬಾಗಿಲಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಒಂದು ಮಂಚ. ಮಗಳು ಹತ್ತಿ, ಗೋಡೆಯ ಕಡೆಗೆ ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು. ಇಬ್ಬರಿಗೆ ಸರಿಯಾಗಿ ಹಿಡಿಯುವಷ್ಟಿತ್ತು.